ಬಾಣದ ಎರಡು ಬದಿ

ಬೆಂಗಳೂರಿನ ಮೆಟ್ರೊ ರೈಲಿನ ಹಸಿರು ಮಾರ್ಗದಲ್ಲಿ, ಮಹಾಲಕ್ಷ್ಮಿ ಮತ್ತು ಯಶವಂತಪುರದ ನಡುವೆ, 2014ರಲ್ಲಿ ಒಂದು ನಿಲ್ದಾಣ ತೆರೆಯಿತು. ಅದರ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ನಿಲ್ದಾಣಗಳಿಗೆ ದೇವರ ಹೆಸರು, ರಾಜರ ಹೆಸರು, ಕವಿಗಳ ಹೆಸರು ಇಡುವುದು ಲೋಕರೂಢಿ. ಮೈ ತೊಳೆಯುವ ಬಿಲ್ಲೆಯ ಹೆಸರು ಹೊತ್ತ ನಿಲ್ದಾಣಗಳು ಜಗತ್ತಿನಲ್ಲಿ ಹೆಚ್ಚು ಇರಲಾರವು. ರಾಜಾಜಿನಗರದವರಿಗೆ ಮಾತ್ರ ಇದರಲ್ಲಿ ವಿಶೇಷವೇನೂ ಕಾಣದು. ಬಸ್ಸಿನಲ್ಲಿ ಕಂಡಕ್ಟರಿಗೆ ‘ಸೋಪ್ ಫ್ಯಾಕ್ಟ್ರಿ’ ಎಂದು ಹೇಳಿ ಚೀಟಿ ಪಡೆದವರು ಅವರು. ಸರ್ಕಾರಿ ಸೋಪಿನ ಕಾರ್ಖಾನೆ 1957ರಲ್ಲಿ ಕಬ್ಬನ್ ಪಾರ್ಕಿನ ಕಡೆಯಿಂದ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದಾಗಿನಿಂದ ಈ ಭಾಗದ ಗಾಳಿಗೆ ಆಗಾಗ ಗಂಧದ ವಾಸನೆ ಅಂಟಿಕೊಂಡಿದೆ.

ಈ ಬಡಾವಣೆಯ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟೆ. ಮಕ್ಕಳಿಗೆ ಆ ವಿಷಯದಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುತ್ತಿದ್ದುದು ಆಮ್ಲವಲ್ಲ, ಸ್ಫೋಟವಲ್ಲ, ಸಮೀಕರಣವನ್ನು ಸರಿದೂಗಿಸುವುದು. ಬಾಣದ ಎಡಕ್ಕೆ ಒಂದಷ್ಟು ಅಕ್ಷರ, ಬಲಕ್ಕೆ ಒಂದಷ್ಟು ಅಕ್ಷರ, ನಡುವೆ ಎಲ್ಲಿಂದಲೋ ಬಂದು ಕೂರುವ 2, 3, 5 ಎಂಬ ಅಂಕಿಗಳು. ಪರೀಕ್ಷೆಯಲ್ಲಿ ಎರಡು ಅಂಕ. ಬಾಯಿಪಾಠ ಮಾಡಿದರೆ ಮುಗಿಯಿತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಆ ಮೂರು ಎಲ್ಲಿಂದ ಬಂತು?” ಎಂದು ಕೇಳಿದಳು. ಕಪ್ಪುಹಲಗೆಯ ಮೇಲಿದ್ದದ್ದು ಸೋಪಿನ ಸಮೀಕರಣ. ಕಿಟಕಿಯಾಚೆ, ಒಂದೆರಡು ಮೈಲಿ ದೂರದಲ್ಲಿ, ಅದೇ ಸಮೀಕರಣ ಟನ್ನುಗಟ್ಟಲೆ ನಡೆಯುತ್ತಿತ್ತು. ಆ ‘ಮೂರು’ ಎಲ್ಲಿಂದ ಬಂತು ಎಂದು ಹೇಳಹೊರಟರೆ ಅದರ ಹಿಂದೆ ಪ್ಯಾರಿಸ್ ಬರುತ್ತದೆ, ಒಂದು ಮಹಾಯುದ್ಧ ಬರುತ್ತದೆ, ಮೈಸೂರಿನ ಕಾಡು ಬರುತ್ತದೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಉದ್ದದ ಉತ್ತರವನ್ನು ಯಾವ ಪರೀಕ್ಷಕರೂ ಓದಲಾರರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಮೀಕರಣದ ಬೇರು ಲೆಕ್ಕದ ಪುಸ್ತಕದಲ್ಲಿದೆ. ಫ್ರಾನ್ಸಿನ ಲವೋಸಿಯೇ ಹೊತ್ತು ಹುಟ್ಟುವಾಗ ಪ್ರಯೋಗಶಾಲೆಯಲ್ಲಿರುತ್ತಿದ್ದ. ಹಗಲು ಹೊತ್ತು ರಾಜನ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆದಾರರ ಕೂಟದಲ್ಲಿ ಪಾಲುದಾರನಾಗಿದ್ದ. ಜಮೆ ಮತ್ತು ಖರ್ಚು ಕೊನೆಗೆ ತಾಳೆಯಾಗಲೇಬೇಕು ಎಂಬುದು ಅಂಥವನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. 1789ರಲ್ಲಿ ಪ್ರಕಟವಾದ ತನ್ನ ರಸಾಯನಶಾಸ್ತ್ರದ ಗ್ರಂಥದಲ್ಲಿ ಅವನು ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡ. ಪಾತ್ರೆಗೆ ಹೋದದ್ದನ್ನೆಲ್ಲ ತೂಗಿದ, ಹೊರಬಂದದ್ದನ್ನೆಲ್ಲ, ಗುಳ್ಳೆಯಾಗಿ ಎದ್ದ ಅನಿಲವನ್ನೂ ಬಿಡದೆ, ತೂಗಿದ. ಎರಡೂ ಬದಿಯ ತೂಕ ಒಂದೇ ಆಗಬೇಕು, ಆದ್ದರಿಂದ ಇದನ್ನು ಬೀಜಗಣಿತದ ಸಮೀಕರಣದಂತೆ ಬರೆಯಬಹುದು ಎಂದ. 1794ರಲ್ಲಿ ಕ್ರಾಂತಿಯ ಕಾಲದ ನ್ಯಾಯಾಲಯ ತೆರಿಗೆ ಗುತ್ತಿಗೆದಾರರ ಜೊತೆ ಅವನ ತಲೆಯನ್ನೂ ತೆಗೆಸಿತು. ಅವನು ಹಾಕಿಕೊಟ್ಟ ಲೆಕ್ಕ ಮಾತ್ರ ಉಳಿಯಿತು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ರಿಕ್ಟರ್ ಎಂಬುವನು ಇಂತಿಷ್ಟು ಆಮ್ಲವನ್ನು ತಣಿಸಲು ಇಂತಿಷ್ಟೇ ಕ್ಷಾರ ಬೇಕು ಎಂಬುದನ್ನು ತೂಗಿ ತೂಗಿ ಪಟ್ಟಿ ಮಾಡುತ್ತಿದ್ದ. 1792ರಿಂದ ಹೊರಬಂದ ತನ್ನ ಪುಸ್ತಕದ ಸಂಪುಟಗಳಲ್ಲಿ ಈ ವಿದ್ಯೆಗೆ ‘ಸ್ಟಾಯ್ಕಿಯೊಮೆಟ್ರಿ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಮೂಲವಸ್ತುಗಳ ಅಳತೆ ಎಂದರ್ಥ. ನಾಲಗೆ ತೊಡರುವ ಈ ಹೆಸರಿನ ಬದಲು ‘ತೂಕದ ಲೆಕ್ಕ’ ಎಂದರೆ ನಮಗೆ ಸಾಕು. ರಿಕ್ಟರನ ಬರವಣಿಗೆ ಎಷ್ಟು ಜಟಿಲವಾಗಿತ್ತೆಂದರೆ, 1802ರಲ್ಲಿ ಬೇರೊಬ್ಬರು ಅವನ ಅಂಕಿಗಳನ್ನು ಒಂದೇ ಪಟ್ಟಿಯಾಗಿ ಜೋಡಿಸಿಕೊಟ್ಟ ಮೇಲೆ ಅದರ ಬೆಲೆ ಜನಕ್ಕೆ ತಿಳಿಯಿತು. 1808ರಲ್ಲಿ ಡಾಲ್ಟನ್ ಪರಮಾಣುವಾದವನ್ನು ಮುಂದಿಟ್ಟಾಗ ಈ ತೂಕಗಳು ಯಾಕೆ ಹೀಗೆ ಕಟ್ಟುನಿಟ್ಟಾಗಿವೆ ಎಂಬುದಕ್ಕೂ ಕಾರಣ ಸಿಕ್ಕಿತು. ಪರಮಾಣುಗಳು ಎಣಿಸುವಂಥವು, ಅರ್ಧ ಪರಮಾಣು ಇಲ್ಲ.

ಎಣಿಸುವ ವಸ್ತುಗಳ ಲೆಕ್ಕ ನಮ್ಮ ಮನೆಗಳಿಗೆ ಹೊಸದಲ್ಲ. ಮದುವೆ ಮನೆಯಲ್ಲಿ ತಾಂಬೂಲ ಕಟ್ಟುವಾಗ ಎರಡು ವೀಳ್ಯದೆಲೆಗೆ ಒಂದು ಅಡಿಕೆ ಎಂದು ನಿಗದಿಯಾಗಿದೆ ಎಂದುಕೊಳ್ಳಿ. ತಟ್ಟೆಯಲ್ಲಿ ನೂರು ಎಲೆ, ನಲವತ್ತು ಅಡಿಕೆ ಇವೆ. ಎಷ್ಟು ತಾಂಬೂಲವಾಗುತ್ತದೆ? ನಲವತ್ತು. ಇಪ್ಪತ್ತು ಎಲೆ ತಟ್ಟೆಯಲ್ಲೇ ಉಳಿಯುತ್ತದೆ. ಎಲೆ ಎಷ್ಟೇ ಇರಲಿ, ಅಡಿಕೆ ಮುಗಿದಲ್ಲಿಗೆ ತಾಂಬೂಲ ಮುಗಿಯಿತು. ಪುಸ್ತಕ ಇದನ್ನು ‘ಸೀಮಿತ ಪ್ರತಿಕಾರಕ’ ಎಂದು ಕರೆದು ಮಕ್ಕಳನ್ನು ಹೆದರಿಸುತ್ತದೆ. ಮನೆಯ ಹಿರಿಯ ಹೆಂಗಸರು ಹೆಸರು ಹೇಳದೆ ಲೆಕ್ಕ ಮಾಡುತ್ತಾರೆ.

ಇನ್ನು ಸೋಪಿಗೆ ಬರೋಣ. ಸೋಪು ನಮ್ಮಲ್ಲಿಗೆ ಬರುವ ಮುಂಚೆ ಜನ ಕೊಳಕಾಗಿದ್ದರು ಎಂದು ಯಾರೂ ತಿಳಿಯಬೇಕಿಲ್ಲ. ಸೀಗೆಕಾಯಿ ಇತ್ತು, ಅಂಟುವಾಳ ಇತ್ತು, ಕಡಲೆಹಿಟ್ಟು ಇತ್ತು. ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲಿದ್ದದ್ದು ಸೋಡ. ಪಾತ್ರೆಯ ಜಿಡ್ಡಿಗೆ ಒಲೆಯ ಬೂದಿ ಸಾಕಾಗುತ್ತಿತ್ತು. ಬೂದಿಯಲ್ಲಿನ ಕ್ಷಾರ ಜಿಡ್ಡಿನೊಡನೆ ಸೇರಿ ಸ್ವಲ್ಪ ಸೋಪನ್ನೇ ಮಾಡುತ್ತಿತ್ತು, ಹೆಸರಿಲ್ಲದೆ. ಯೂರೋಪಿನಲ್ಲೂ ಬಹುಕಾಲ ಸೋಪು ಮಾಡುವವರಿಗೆ ಇದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಕೊಬ್ಬು ಕುದಿಸಿ, ಕ್ಷಾರ ಹಾಕಿ, ನಾಲಗೆಯ ತುದಿಗೆ ಮುಟ್ಟಿಸಿ ನೋಡುವುದು. ಚುರ್ರೆಂದರೆ ಕ್ಷಾರ ಹೆಚ್ಚಾಯಿತು.

ಕೊಬ್ಬಿನ ಒಳಗೇನಿದೆ ಎಂದು ಬಿಡಿಸಿ ನೋಡಿದವನು ಫ್ರಾನ್ಸಿನ ಶೆವ್ರೂಲ್. 1811ರ ಸುಮಾರಿಗೆ ಒಂದು ಸೋಪಿನ ಮಾದರಿಯನ್ನು ಪರೀಕ್ಷಿಸಲು ಕುಳಿತವನು ಹನ್ನೆರಡು ವರ್ಷ ಅದರಲ್ಲೇ ಮುಳುಗಿ, 1823ರಲ್ಲಿ ಕೊಬ್ಬುಗಳ ಕುರಿತ ತನ್ನ ಗ್ರಂಥ ಪ್ರಕಟಿಸಿದ. ನೂರೆರಡು ವರ್ಷ ಬದುಕಿದವನಿಗೆ ಹನ್ನೆರಡು ವರ್ಷ ದೊಡ್ಡದಲ್ಲ ಬಿಡಿ. ಅವನು ಕಂಡುಕೊಂಡದ್ದನ್ನು ಇಂದಿನ ಮಾತಿನಲ್ಲಿ ಹೇಳಬೇಕಾದರೆ ನಾನು ಮಕ್ಕಳಿಗೆ ಬಿಲ್ವಪತ್ರೆ ತೋರಿಸುತ್ತಿದ್ದೆ. ಒಂದು ತೊಟ್ಟು, ಮೂರು ದಳ. ಕೊಬ್ಬಿನ ಅಣುವೂ ಹಾಗೆಯೇ. ತೊಟ್ಟು ಎಂಬುದು ಗ್ಲಿಸರಿನ್. ಮೂರು ದಳಗಳೆಂದರೆ ಮೂರು ಕೊಬ್ಬಿನಾಮ್ಲಗಳು. ಕಾಸ್ಟಿಕ್ ಸೋಡದ ಒಂದು ಕಣ ಒಂದು ದಳವನ್ನು ಮಾತ್ರ ಕೀಳಬಲ್ಲದು. ಕಿತ್ತ ದಳಕ್ಕೆ ಸೋಡಿಯಂ ಅಂಟಿಕೊಂಡರೆ ಅದೇ ಸೋಪು. ಮೂರು ದಳ ಕೀಳಲು ಮೂರು ಕಣ ಬೇಕು. ಮೂರು ಸೋಪು ಹುಟ್ಟುತ್ತವೆ, ಒಂದು ತೊಟ್ಟು ಉಳಿಯುತ್ತದೆ. ಹುಡುಗಿ ಕೇಳಿದ ‘ಮೂರು’ ಬಂದದ್ದು ಅಲ್ಲಿಂದ.

ಈಗ ತೂಕ ಹಾಕೋಣ. ಇಂಗಾಲಕ್ಕೆ 12, ಜಲಜನಕಕ್ಕೆ 1, ಆಮ್ಲಜನಕಕ್ಕೆ 16, ಸೋಡಿಯಮ್ಮಿಗೆ 23 ಎಂಬ ಪರಮಾಣು ತೂಕಗಳನ್ನು ಹಿಡಿದರೆ, ಸ್ಟಿಯರಿನ್ ಎಂಬ ಗಟ್ಟಿ ಕೊಬ್ಬಿನ ಅಣುತೂಕ 890. ಕಾಸ್ಟಿಕ್ ಸೋಡದ್ದು 40, ಮೂರಕ್ಕೆ 120. ಎಡಬದಿಯ ಮೊತ್ತ 1010. ಬಲಕ್ಕೆ ಬಂದರೆ ಒಂದು ಸೋಪಿನ ಅಣುತೂಕ 306, ಮೂರಕ್ಕೆ 918, ಗ್ಲಿಸರಿನ್ 92. ಕೂಡಿದರೆ ಮತ್ತೆ 1010. ಒಂದು ಗುಂಜಿಯೂ ಆಚೀಚೆ ಇಲ್ಲ. ಗ್ರಾಮ್ ಬದಲು ಕಿಲೋ ಹಾಕಿ, ಟನ್ ಹಾಕಿ, ಲೆಕ್ಕ ಬದಲಾಗದು. ಕಪ್ಪುಹಲಗೆಯ ಗೆರೆ ಕಾರ್ಖಾನೆಯ ಹಂಡೆಯೊಳಗೆ ಇಳಿಯುವುದು ಹೀಗೆ.

ಎಲ್ಲ ಎಣ್ಣೆಗಳ ದಳವೂ ಒಂದೇ ಉದ್ದದವಲ್ಲ. ಕೊಬ್ಬರಿ ಎಣ್ಣೆಯಲ್ಲಿ ದಳಗಳು ಗಿಡ್ಡ. ಆದ್ದರಿಂದ ಒಂದು ಕಿಲೋ ಕೊಬ್ಬರಿ ಎಣ್ಣೆಯಲ್ಲಿ ಅಣುಗಳ ಸಂಖ್ಯೆ ಹೆಚ್ಚು, ಅದು ಬೇಡುವ ಕ್ಷಾರವೂ ಹೆಚ್ಚು: ಸುಮಾರು 180 ಗ್ರಾಮ್ ಕಾಸ್ಟಿಕ್ ಸೋಡ. ತಾಳೆ ಎಣ್ಣೆಗೆ ಸುಮಾರು 140 ಗ್ರಾಮ್ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕದಲ್ಲಿ ತಾಳೆ ಎಣ್ಣೆಗೆ ಕ್ಷಾರ ಸುರಿದರೆ ಕಿಲೋ ಒಂದಕ್ಕೆ ನಲವತ್ತು ಗ್ರಾಮ್ ಸೋಡ ಕೆಲಸವಿಲ್ಲದೆ ಉಳಿದು, ಆ ಸೋಪನ್ನು ಕೈಗೆ ಹಚ್ಚಿದವರ ಚರ್ಮದ ಮೇಲೆ ಕೆಲಸ ಹುಡುಕಿಕೊಳ್ಳುತ್ತದೆ. ಕಡಿಮೆಯಾದರೆ ಎಣ್ಣೆ ಉಳಿದು ಬಿಲ್ಲೆ ಮೆತ್ತಗಾಗುತ್ತದೆ, ನಾಲ್ಕು ದಿನಕ್ಕೆ ಕಮಟು ವಾಸನೆ ಹೊಡೆಯುತ್ತದೆ. ತೂಕದ ಲೆಕ್ಕ ತಪ್ಪಿದರೆ ತೊಂದರೆ ಪಡುವವರು ಲೆಕ್ಕ ಮಾಡಿದವರಲ್ಲ; ಬಟ್ಟೆ ಒಗೆಯುವ ಹೆಂಗಸು, ಎಣ್ಣೆನೀರು ಹಾಕಿಸಿಕೊಳ್ಳುವ ಹಸುಗೂಸು.

ಎಣ್ಣೆಯೊಂದು ಎಷ್ಟು ಕ್ಷಾರ ಬೇಡುತ್ತದೆಂಬ ಅಂಕಿಗೆ ಸಾಬೂನೀಕರಣ ಸಂಖ್ಯೆ ಎನ್ನುತ್ತಾರೆ. ಅದು ಹುಟ್ಟಿದ್ದು ಸೋಪಿಗಾಗಿ ಅಲ್ಲ ಎಂಬುದು ಸ್ವಾರಸ್ಯದ ಸಂಗತಿ. 1879ರಲ್ಲಿ ಕೊಟ್‌ಸ್ಟಾರ್ಫರ್ ಎಂಬ ರಸಾಯನಜ್ಞ ಬೆಣ್ಣೆಗೆ ಬೇರೆ ಕೊಬ್ಬು ಬೆರೆಸಿ ಮಾರುವವರನ್ನು ಹಿಡಿಯಲು ಈ ಪರೀಕ್ಷೆ ರೂಪಿಸಿದ. ಬೆಣ್ಣೆಯಲ್ಲಿ ಗಿಡ್ಡ ದಳಗಳಿವೆ, ಅದರ ಅಂಕಿ 220ರ ಮೇಲೆ. ಸಾಧಾರಣ ಕೊಬ್ಬಿನದು 195ರ ಆಸುಪಾಸು. ಕಲಬೆರಕೆ ಮಾಡಿದರೆ ಅಂಕಿ ಕೆಳಗಿಳಿದು ಕಳ್ಳನನ್ನು ತೋರಿಸಿಕೊಡುತ್ತದೆ. ಸಮೀಕರಣ ಕಲಿತ ಹುಡುಗನಿಗೆ ಏನು ಲಾಭ ಎಂದು ಕೇಳುವ ತಂದೆತಾಯಿಗಳಿಗೆ ನಾನು ಈ ಬೆಣ್ಣೆಯ ಕತೆ ಹೇಳುತ್ತಿದ್ದೆ. ಮನೆಗೆ ತುಪ್ಪ ತರುವವರೆಲ್ಲರಿಗೂ ಅದು ಅರ್ಥವಾಗುತ್ತಿತ್ತು.

ಇಷ್ಟೆಲ್ಲ ವಿದ್ಯೆ ಯೂರೋಪಿನಲ್ಲಿ ಬೆಳೆಯುತ್ತಿದ್ದಾಗ ಮೈಸೂರು ಸೀಮೆ ಸಮೀಕರಣದ ಎಡಬದಿಯಲ್ಲೇ ನಿಂತಿತ್ತು. ಬಾಣದ ಎಡಕ್ಕೆ ಕಚ್ಚಾವಸ್ತು, ಬಲಕ್ಕೆ ಸಿದ್ಧವಸ್ತು. ನಮ್ಮ ಕಾಡಿನ ಗಂಧದ ಕೊರಡು ಹಡಗು ಹತ್ತಿ ಹೋಗುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ. ಅಲ್ಲಿ ಬಟ್ಟಿಯಿಳಿದು ಎಣ್ಣೆಯಾಗಿ, ಅತ್ತರಾಗಿ, ಔಷಧವಾಗಿ ಬೇರೆ ಬೆಲೆ ಹೊತ್ತು ಲೋಕಕ್ಕೆ ಹಂಚಿಕೆಯಾಗುತ್ತಿತ್ತು. ಟೀಪುವಿನ ಕಾಲದಿಂದ ಗಂಧದ ಮರ ಸರ್ಕಾರದ ಸೊತ್ತು. ಕೊರಡಿನ ಹರಾಜು ಸಂಸ್ಥಾನದ ಬೊಕ್ಕಸಕ್ಕೆ ಒಳ್ಳೆಯ ವರಮಾನ. ಹಣ ಬರುತ್ತಿದ್ದುದರಿಂದ ಯಾರಿಗೂ ಬಾಣದ ಬಲಬದಿಯ ಯೋಚನೆ ಅಷ್ಟಾಗಿ ಇರಲಿಲ್ಲ.

1914ರಲ್ಲಿ ಯುದ್ಧ ಹತ್ತಿಕೊಂಡಿತು. ಜರ್ಮನಿ ಶತ್ರುದೇಶವಾಯಿತು. ಕೊಳ್ಳುವವರಿಲ್ಲದೆ ಗಂಧದ ಕೊರಡು ಕೋಠಿಗಳಲ್ಲಿ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ಕೈಗಾರಿಕಾ ಇಲಾಖೆಯ ನಿರ್ದೇಶಕರು ಆಲ್ಫ್ರೆಡ್ ಚಾಟರ್ಟನ್. ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂಬ ಯೋಚನೆ ಮೂಡಿದಾಗ ನೆರವಿಗೆ ಬಂದದ್ದು ಯಶವಂತಪುರದ ಬಳಿಯ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿಯಿಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು. ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆಯಾಯಿತು. ವಿಜ್ಞಾನ ಸಂಸ್ಥೆಯಲ್ಲಿ ಪಾಠ ಶುರುವಾಗಿ ಆಗ ಐದೇ ವರ್ಷ. ಹೊಸ ವಿದ್ಯಾಲಯವೊಂದು ನೆಲದ ಋಣವನ್ನು ಇಷ್ಟು ಬೇಗ ತೀರಿಸಿದ್ದು ಅಪರೂಪ.

ಸೋಪಿನ ಬಗ್ಗೆ ಹೇಳುವ ಕತೆಯೊಂದಿದೆ. ಫ್ರಾನ್ಸಿನಿಂದ ಬಂದ ಇಬ್ಬರು ಅತಿಥಿಗಳು ಮಹಾರಾಜರಿಗೆ ಗಂಧದೆಣ್ಣೆ ಹಾಕಿದ ಸೋಪಿನ ಬಿಲ್ಲೆಗಳನ್ನು ಕಾಣಿಕೆ ಕೊಟ್ಟರಂತೆ. ನಮ್ಮ ಮರದ ಎಣ್ಣೆಯನ್ನು ಪರದೇಶದವರು ಸೋಪು ಮಾಡಿ ನಮಗೇ ಉಡುಗೊರೆ ಕೊಡುವಂತಾಯಿತಲ್ಲ ಎಂದು ಅರಸರಿಗೆ ಅನ್ನಿಸಿತಂತೆ. ಕತೆಯ ಬಣ್ಣ ಎಷ್ಟೇ ಇರಲಿ, ನಡೆದದ್ದು ನಿಜ: ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರನ್ನು ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದು, ಗಂಧದೆಣ್ಣೆಯನ್ನು ಬೇರೆ ಸುಗಂಧಗಳೊಡನೆ ಹದವಾಗಿ ಬೆರೆಸುವ ಕ್ರಮ ರೂಪಿಸಿ, ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ವೈದಿಕ ವಿದ್ಯೆಯ ಹೆಸರು ಹೊತ್ತ ಮನೆತನದ ವ್ಯಕ್ತಿ ಸೋಪಿನಿಂದ ಪ್ರಸಿದ್ಧರಾದದ್ದು ಆ ಕಾಲದ ಮೈಸೂರಿನ ಸ್ವಭಾವಕ್ಕೆ ಒಂದು ಗುರುತು. 1918ರಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಕೆಲಸ ಆರಂಭಿಸಿತು. ಮೊಟ್ಟೆಯಾಕಾರದ ಬಿಲ್ಲೆ, ಅದರ ಮೇಲೆ ಸಿಂಹದ ಮೈ ಆನೆಯ ತಲೆಯ ಶರಭ.

ಅದೇ 1918ರಲ್ಲಿ ಅದೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಇದು ಸೋಪಿನಷ್ಟು ಬಾಳಲಿಲ್ಲ. ಸುಮಾರು ಎರಡು ವರ್ಷಕ್ಕೆ ನಿಂತಿತು. ಆದರೂ ಇವೆರಡನ್ನು ನಾನು ಮನಸ್ಸಿನಲ್ಲಿ ಜೊತೆಯಾಗಿಯೇ ಇಟ್ಟುಕೊಂಡಿದ್ದೇನೆ. ವಸ್ತುವನ್ನು ಇಲ್ಲೇ ತಯಾರಿಸಬೇಕು, ಅದರ ತಿಳಿವನ್ನೂ ಇಲ್ಲಿನ ಮಾತಿನಲ್ಲೇ ಹೇಳಬೇಕು ಎಂಬ ಎರಡು ಹಟಗಳು ಒಂದೇ ವರ್ಷ ಹುಟ್ಟಿದವು. ಮುಂದೆ ಮೈಸೂರಿನ ಜೆ.ಆರ್. ಲಕ್ಷ್ಮಣರಾಯರಂಥ ರಸಾಯನಶಾಸ್ತ್ರದ ಅಧ್ಯಾಪಕರು ಪರಮಾಣುವಿನ ವಿಚಾರವನ್ನು ತಿಳಿಗನ್ನಡದಲ್ಲಿ ಬರೆದರು. ಅಂಥ ಬರವಣಿಗೆ ಇಲ್ಲದಿದ್ದರೆ ನನ್ನಂಥ ಮೇಷ್ಟರ ಬಾಯಿಗೆ ಬಿಲ್ವಪತ್ರೆ ಬರುತ್ತಿರಲಿಲ್ಲ.

ಆದರೆ ಎಡಬದಿ ಪೂರ್ತಿ ನಮ್ಮದಾಗಿತ್ತು ಎಂದು ಹೆಮ್ಮೆಪಡುವಂತೆಯೂ ಇರಲಿಲ್ಲ. ಎಣ್ಣೆ ಇಲ್ಲಿನದು, ಗಂಧ ಇಲ್ಲಿನದು. ಆ ‘ಮೂರು’ ಕಾಸ್ಟಿಕ್ ಸೋಡ ಮಾತ್ರ ಹಡಗಿನಲ್ಲಿ ಬರಬೇಕಿತ್ತು. ಉಪ್ಪುನೀರಿಗೆ ವಿದ್ಯುತ್ತು ಹಾಯಿಸಿ ಕಾಸ್ಟಿಕ್ ಸೋಡ ತೆಗೆಯುವ ದೊಡ್ಡ ಕಾರ್ಖಾನೆಗಳು ಭಾರತದಲ್ಲಿ ಆಗಿನ್ನೂ ಹುಟ್ಟಿರಲಿಲ್ಲ. ಸಾವಿರ ಕಿಲೋ ಕೊಬ್ಬಿಗೆ 135 ಕಿಲೋ ಸೋಡ. ಎಣ್ಣೆ ಎಷ್ಟೇ ಇದ್ದರೂ ಸೋಡ ಮುಗಿದಲ್ಲಿಗೆ ಸೋಪು ಮುಗಿಯಿತು. ಮದುವೆ ಮನೆಯ ಅಡಿಕೆಯ ಲೆಕ್ಕವೇ ಒಂದು ಸಂಸ್ಥಾನದ ಕೈಗಾರಿಕೆಗೂ ಅನ್ವಯಿಸುತ್ತದೆ. ಸ್ವಾವಲಂಬನೆ ಎನ್ನುವುದು ಹೇರಳವಾಗಿರುವ ವಸ್ತುವಿನಿಂದ ನಿರ್ಧಾರವಾಗುವುದಿಲ್ಲ, ಮೊದಲು ಮುಗಿಯುವ ವಸ್ತುವಿನಿಂದ ನಿರ್ಧಾರವಾಗುತ್ತದೆ.

ಉಳಿದ ತೊಟ್ಟಿನ ಕತೆಯನ್ನೂ ಹೇಳಿಬಿಡಬೇಕು. 918 ಪಾಲು ಸೋಪಿಗೆ 92 ಪಾಲು ಗ್ಲಿಸರಿನ್, ಸರಿಸುಮಾರು ಹತ್ತಕ್ಕೆ ಒಂದು. ಶಾಂತಿಕಾಲದಲ್ಲಿ ಅದು ಒಡೆದ ತುಟಿಗೆ ಹಚ್ಚುವ ಮದ್ದು. ಅದೇ ಗ್ಲಿಸರಿನ್ನಿನ 92 ಪಾಲಿಗೆ ನೈಟ್ರಿಕ್ ಆಮ್ಲದ 189 ಪಾಲು ಸೇರಿಸಿದರೆ 227 ಪಾಲು ನೈಟ್ರೊಗ್ಲಿಸರಿನ್ ಮತ್ತು 54 ಪಾಲು ನೀರು. ಎರಡೂ ಬದಿ 281. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಸೋಪಿನ ಹಂಡೆಗಳು ಮದ್ದುಗುಂಡಿನ ಕಾರ್ಖಾನೆಗಳಿಗೆ ಬೇಕಾದವಾದದ್ದು ಈ ಲೆಕ್ಕದಿಂದ. ಮೈಸೂರಿಗೆ ಸೋಪು ತಂದ ಯುದ್ಧವೇ ಅಲ್ಲಿ ಸೋಪಿನ ತೊಟ್ಟನ್ನು ಕಿತ್ತು ತೋಪಿಗೆ ತುಂಬಿತು. ಸಮೀಕರಣಕ್ಕೆ ಇದರಲ್ಲಿ ಪಕ್ಷಪಾತವಿಲ್ಲ. ಅದು ತುಟಿಯ ಮದ್ದಿಗೂ ಸಿಡಿಮದ್ದಿಗೂ ಒಂದೇ ಪ್ರಾಮಾಣಿಕತೆಯಿಂದ ಸರಿದೂಗುತ್ತದೆ. ಸರಿದೂಗಿದ್ದೆಲ್ಲ ಸರಿಯಲ್ಲ ಎಂಬುದನ್ನು ಬೇರೆ ಕಡೆ ಕಲಿಯಬೇಕು.

1949ರ ಹೊತ್ತಿಗೆ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ಊರಿನ ಪಶ್ಚಿಮಕ್ಕೆ ಹೊಸ ಬಡಾವಣೆ ಎದ್ದಿತು. ದುಡಿಯುವವರ ಮನೆಯೂ ಕಾರ್ಖಾನೆಯೂ ಒಂದೇ ಕಡೆ ಇರಲಿ ಎಂಬುದು ಅದರ ಹಿಂದಿನ ಯೋಚನೆ. ಸೋಪಿನ ಕಾರ್ಖಾನೆ ಇಲ್ಲಿಗೆ ಬಂದದ್ದು ಈ ಲಹರಿಯಲ್ಲಿ. 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. ಆ ಹೆಸರಿನ ಎರಡನೆಯ ಭಾಗಕ್ಕೂ ಒಂದು ಸಮೀಕರಣವಿದೆ, ಮತ್ತು ಅದು ನಮ್ಮ ಬಚ್ಚಲಿನದು.

ಬೆಂಗಳೂರಿಗೆ 1933ರಿಂದ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಕೆರೆಯ ನೀರು, 1974ರಿಂದ ಕಾವೇರಿಯ ನೀರು ಬಂತು. ಊರು ಮಾತ್ರ ನೀರಿಗಿಂತ ವೇಗವಾಗಿ ಬೆಳೆಯಿತು. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆಯೆಲ್ಲ ಕೊಳವೆಬಾವಿ ಕೊರೆದರು. ಬಂಡೆಯ ಸಂದಿಯಿಂದ ಬರುವ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಅಂಥ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಕೆನೆ ಕಟ್ಟುತ್ತದೆ. ಸುಣ್ಣದ ಒಂದು ಕ್ಯಾಲ್ಸಿಯಂ ಸೋಪಿನ ಎರಡು ಕಣಗಳನ್ನು ಹಿಡಿದು ಕರಗದ ಗಸಿ ಮಾಡುತ್ತದೆ. ಇಲ್ಲಿ ಅಂಕಿ ಮೂರಲ್ಲ, ಎರಡು. ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಮ್ ಗಡಸುತನವನ್ನು, ಬೇರೆ ನೀರಿಲ್ಲದ ಕಡೆ 600ರವರೆಗೂ, ಭಾರತೀಯ ಮಾನಕ ಬ್ಯೂರೊ ಒಪ್ಪುತ್ತದೆ. ನಾವು 300 ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಒಂದು ಲೀಟರ್ ನೀರು 1.8 ಗ್ರಾಮ್ ಸೋಪನ್ನು ನುಂಗುತ್ತದೆ. ಬಟ್ಟೆ ನೆನೆಸುವ ಇಪ್ಪತ್ತು ಲೀಟರಿನ ಬಕೆಟ್ಟಿಗೆ 36 ಗ್ರಾಮಿಗೂ ಹೆಚ್ಚು. 75 ಗ್ರಾಮಿನ ಬಿಲ್ಲೆಯಲ್ಲಿ ಹತ್ತಿರ ಹತ್ತಿರ ಅರ್ಧ, ಒಂದು ಅಂಗಿಯೂ ಶುದ್ಧವಾಗುವ ಮುಂಚೆ. ಕಾವೇರಿ ನಲ್ಲಿ ಇರುವ ಮನೆಗೂ ಕೊಳವೆಬಾವಿ, ಟ್ಯಾಂಕರ್ ನೆಚ್ಚಿಕೊಂಡ ಮನೆಗೂ ಸೋಪಿನ ಖರ್ಚಿನಲ್ಲಿರುವ ವ್ಯತ್ಯಾಸಕ್ಕೆ ಮನೆಯಾಕೆಯ ಧಾರಾಳತನ ಕಾರಣವಲ್ಲ. ನೀರು ಗಡಸಾದಷ್ಟೂ ಬಡವರ ಮೇಲೆ ಬೀಳುವ, ಯಾವ ಸರ್ಕಾರವೂ ಹಾಕದ ತೆರಿಗೆ ಇದು. ಸುಣ್ಣಕ್ಕೆ ಅಷ್ಟು ಸುಲಭವಾಗಿ ಸೋಲದ ಡಿಟರ್ಜೆಂಟ್ ಪುಡಿ ಮನೆಮನೆ ಹೊಕ್ಕಿದ್ದಕ್ಕೆ ಜಾಹೀರಾತಿನಷ್ಟೇ ಈ ಲೆಕ್ಕವೂ ಕಾರಣ.

ಮಕ್ಕಳಿಗೆ ಸೋಪಿನ ಕಾಗದ ತರಲು ಹೇಳುತ್ತಿದ್ದೆ. ಅದರ ಮೇಲೆ ಟಿ.ಎಫ್.ಎಂ. ಎಂದೊಂದು ಅಂಕಿ ಇರುತ್ತದೆ. ಒಟ್ಟು ಕೊಬ್ಬಿನ ಅಂಶ ಎಂದರ್ಥ. ಶೇಕಡಾ 76ಕ್ಕೆ ಮೇಲಿದ್ದರೆ ಮೊದಲ ದರ್ಜೆ. ಮೈಸೂರ್ ಸ್ಯಾಂಡಲ್ ಸೋಪು 80 ಎಂದು ಹೇಳಿಕೊಳ್ಳುತ್ತದೆ. ಹಾಗಾದರೆ ಉಳಿದ ಇಪ್ಪತ್ತು ಮೋಸವೇ ಎಂದು ಮಕ್ಕಳು ಕೇಳುವರು. ಹಲಗೆಯ ಮೇಲೇ ಉತ್ತರವಿದೆ. 306ರ ಸೋಪಿನಲ್ಲಿ ಕೊಬ್ಬಿನಾಮ್ಲದ ಲೆಕ್ಕ 284, ಅಂದರೆ ಶುದ್ಧ ಸೋಪಿನಲ್ಲೇ ಈ ಅಂಕಿ 93ನ್ನು ದಾಟದು. ಬಿಲ್ಲೆಯಲ್ಲಿ ನೂರಕ್ಕೆ 86 ಪಾಲು ನಿಜವಾದ ಸೋಪಿದ್ದು ಉಳಿದದ್ದು ನೀರು ಮತ್ತು ಸುಗಂಧವಾದರೆ 80 ಬರುತ್ತದೆ. ಅಂಗಡಿಯಲ್ಲಿ ಕಾಗದ ತಿರುಗಿಸಿ ಅಂಕಿ ನೋಡುವ ಹುಡುಗ ಹುಡುಗಿಯರನ್ನು ಕಂಡಾಗ, ಎರಡು ಅಂಕದ ಪಾಠ ದಂಡವಾಗಲಿಲ್ಲ ಎಂದುಕೊಳ್ಳುತ್ತಿದ್ದೆ.

ಇನ್ನು ಗಂಧ. ಸೋಪು ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ, ಗಂಧದೆಣ್ಣೆ ಹಾಗಲ್ಲ. ಮರದ ಒಳಚೇಗಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಎಣ್ಣೆ ಮೊದಲೇ ಇರುತ್ತದೆ, ಹಬೆ ಹಾಯಿಸಿ ಹೊರತೆಗೆಯುವುದಷ್ಟೇ ಮನುಷ್ಯನ ಕೆಲಸ. ಎಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಎಂಬ ವಸ್ತುವನ್ನು ಮರ ಗಾಳಿಯಿಂದಲೂ ನೀರಿನಿಂದಲೂ ಕಟ್ಟಿಕೊಳ್ಳುತ್ತದೆ. ಅದರ ಒಟ್ಟು ಲೆಕ್ಕವನ್ನೂ ಸರಿದೂಗಿಸಬಹುದು: ಇಂಗಾಲದ ಡೈಆಕ್ಸೈಡಿನ 30 ಅಣು, ನೀರಿನ 24 ಅಣು ಸೇರಿ, ಸ್ಯಾಂಟಲಾಲಿನ 2 ಅಣು, ಆಮ್ಲಜನಕದ 41 ಅಣು. ಎರಡೂ ಬದಿಯ ತೂಕ 1752. ಒಂದು ಕಿಲೋ ಸ್ಯಾಂಟಲಾಲಿಗೆ ಮರ ಗಾಳಿಯಿಂದ ಮೂರು ಕಿಲೋ ಇಂಗಾಲದ ಡೈಆಕ್ಸೈಡನ್ನು ಹೀರಿರಬೇಕು. ಮರದೊಳಗೆ ಇದು ಒಂದೇ ಹೆಜ್ಜೆಯಲ್ಲಿ ಆಗುವುದಲ್ಲ. ಎಷ್ಟೋ ಹೆಜ್ಜೆಗಳ ಕೊನೆಯ ಮೊತ್ತ. ಅದೂ ಸಾಲದೆಂದು ಗಂಧದ ಗಿಡ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ ಎರವಲು ಪಡೆದು ಬದುಕುತ್ತದೆ.

ಹಲಗೆಯ ಮೇಲೆ ಈ ಸಮೀಕರಣ ಬರೆಯಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಮರಕ್ಕೆ ಒಳ್ಳೆಯ ಚೇಗು ಕಟ್ಟಲು ಮೂವತ್ತು ವರ್ಷ ಬೇಕು. ನಡುವಿನ ಬಾಣ ಈ ಮೂವತ್ತು ವರ್ಷದ ಬಗ್ಗೆ ಬಾಯಿ ಬಿಡುವುದಿಲ್ಲ. ತೂಕದ ಲೆಕ್ಕ ಎಷ್ಟು ಎಂದು ಹೇಳುತ್ತದೆ, ಎಷ್ಟು ಕಾಲ ಎಂದು ಹೇಳುವುದಿಲ್ಲ. ಮೈಸೂರಿನ ಕಾಡಿನಲ್ಲಿ ಆದದ್ದು ಇದೇ. ಸ್ಪೈಕ್ ರೋಗ ತಿಂದದ್ದು, ಕಳ್ಳರು ಕಡಿದದ್ದು, ಕಾನೂನಿಗೆ ಹೆದರಿ ರೈತರು ನೆಡದೇ ಬಿಟ್ಟದ್ದು ಎಲ್ಲ ಸೇರಿ ಎಡಬದಿ ಬರಿದಾಗುತ್ತ ಬಂತು. ತನ್ನ ಜಮೀನಿನ ಗಂಧದ ಮರ ತನ್ನದೇ ಎಂದು ಹೇಳುವ ಹಕ್ಕು ಕರ್ನಾಟಕದ ರೈತನಿಗೆ ಸಿಕ್ಕಿದ್ದು 2001ರ ತಿದ್ದುಪಡಿಯಲ್ಲಿ. ಆಮೇಲೆ ನೆಟ್ಟ ಗಿಡಗಳು ಚೇಗು ಕಟ್ಟಿಕೊಳ್ಳುವುದು ಈಗ, ಈ ದಶಕದಲ್ಲಿ ಮತ್ತು ಮುಂದಿನದರಲ್ಲಿ.

1916ರಲ್ಲಿ ನಮ್ಮ ಹಿರಿಯರು ಬಾಣದ ಬಲಬದಿಗೆ ದಾಟಿದರು. ಅದು ದೊಡ್ಡ ಕೆಲಸ. ಎಡಬದಿಯನ್ನು ತುಂಬಿಸುತ್ತಲೇ ಇರುವ ಕೆಲಸ ಅವರ ಮೊಮ್ಮಕ್ಕಳಿಗೆ ಬಿತ್ತು. ಬಿಲ್ಲೆಯೊಂದನ್ನು ಕೊಳ್ಳುವುದು ಅಂಗಡಿಯ ಕೆಲಸ, ಅರ್ಧ ನಿಮಿಷ ಸಾಕು. ಅದರ ಎಡಬದಿಯ ಗಿಡವನ್ನು ನೆಟ್ಟವರಿಗೆ ಮಾತ್ರ ಆ ಬಾಣದ ನಿಜವಾದ ಉದ್ದ ಗೊತ್ತು.